ನರಕಕ್ಕೆ ಹೇಳಿಕಳಿಸಿದ ಮಾತು

ಹಣೆಬರಹ ಅನ್ನುವುದನ್ನು ಬೇರೆ ಊರಿನವರು ಬಾಯಿಮಾತಿಗೆ ಹೇಳುತ್ತಾರೆ. ನಮ್ಮೂರಿನಲ್ಲಿ ಅದನ್ನು ಕಣ್ಣಿಂದ ಓದಬಹುದು. ಈಸ್ಟರ್‌ಗೆ ಮುಂಚಿನ ಉಪವಾಸ ಶುರುವಾಗುವ ಬೂದಿ ಬುಧವಾರದ ಬೆಳಿಗ್ಗೆ ಪಾದ್ರಿಗಳು ಎಲ್ಲರ ಹಣೆಗೂ ಬೂದಿಯಲ್ಲಿ ಶಿಲುಬೆ ಎಳೆಯುತ್ತಾರೆ. ಸಂಜೆ ಮುಖ ತೊಳೆದಾಗ ಅದು ಹೋದರೆ ಸರಿ. ಹೋಗದಿದ್ದರೆ ಆ ಮನುಷ್ಯ ಹಾಗೇ ಸತ್ತರೆ ನೇರ ನರಕಕ್ಕೆ. ಸೀಗೆಪುಡಿ, ಬಟ್ಟೆ ಸೋಪು, ಹುಣಸೆಹಣ್ಣು, ಯಾವುದಕ್ಕೂ ಜಗ್ಗದ ಬೂದಿ ಅದು. ಪಾಪನಿವೇದನೆಯ ಜಾಲರಿಯ ಮುಂದೆ ಮಂಡಿಯೂರಿ ತಪ್ಪಾಯಿತೆಂದು ಮನಸಾರೆ ಒಪ್ಪಿಕೊಂಡು, ಒಳಗಿನಿಂದ ಪಾದ್ರಿಗಳು ಕ್ಷಮಿಸಿದ್ದೇನೆ ಅಂದರೆ ಮಾತ್ರ ತಾನಾಗಿ ಉದುರುತ್ತದೆ.

ನಾವು ಇದಕ್ಕೆ ಒಗ್ಗಿಹೋಗಿದ್ದೇವೆ. ಹೆಣ್ಣು ನೋಡಲು ಬರುವವರು ಬೂದಿ ಬುಧವಾರ ಕಳೆದ ವಾರವೇ ಬರುತ್ತಾರೆ. ಆ ವಾರ ತಲೆಗೆ ಟವೆಲ್ ಸುತ್ತಿಕೊಳ್ಳುವ ಗಂಡಸರೂ ಮುಂಗೂದಲು ಇಳಿಬಿಟ್ಟುಕೊಳ್ಳುವ ಹೆಂಗಸರೂ ಹೆಚ್ಚು. ಯಾರಿಗೆ ಯಾಕೆ ಉಳಿಯಿತು ಎಂದು ಊರೆಲ್ಲ ಲೆಕ್ಕ ಹಾಕುತ್ತದೆ. ಈಸ್ಟರ್ ಹೊತ್ತಿಗೆ ಒಬ್ಬೊಬ್ಬರೇ ಜಾಲರಿಯ ಮುಂದೆ ಹೋಗಿಬಂದು, ಊರಿಗೆ ಊರೇ ಬೆಳಗಿದ ಹಣೆ ಹೊತ್ತು ಹೊಸ ಬಟ್ಟೆ ಉಟ್ಟು ಪೂಜೆಗೆ ನಿಲ್ಲುತ್ತದೆ. ಬೂದಿ ಹೊತ್ತೇ ಸತ್ತವರು ತೀರಾ ಕಡಿಮೆ ಎಂದೇ ನಾವು ತಿಳಿದಿದ್ದೆವು. ಅವರನ್ನು ಸಮಾಧಿ ತೋಟದ ಗೋಡೆಯಾಚೆ, ಕಳ್ಳಿಗಿಡಗಳ ನಡುವೆ ಹೂಳುತ್ತಾರೆ. ಅವರಿಗಾಗಿ ಪೂಜೆ ಇಲ್ಲ, ಮೇಣದಬತ್ತಿ ಇಲ್ಲ, ಜಪವೂ ಇಲ್ಲ. ಪಾಪ ತೊಳೆದು ಸ್ವರ್ಗಕ್ಕೆ ಕಳಿಸುವ ಬೆಂಕಿಯಲ್ಲಿ ಇರುವವರಿಗಾದರೆ ಪ್ರಾರ್ಥನೆ ಮುಟ್ಟುತ್ತದೆ. ನರಕದ ಬೆಂಕಿಯಲ್ಲಿ ಇರುವವರಿಗೆ ಏನೂ ಮುಟ್ಟುವುದಿಲ್ಲ ಎಂದು ಚಿಕ್ಕಂದಿನಲ್ಲೇ ಜ್ಞಾನೋಪದೇಶದಲ್ಲಿ ಬಾಯಿಪಾಠ ಮಾಡಿಸುತ್ತಾರೆ. ಸತ್ತವರ ಹಬ್ಬದ ಸಂಜೆ ಗೋಡೆಯ ಈಚೆ ದೀಪಗಳ ಜಾತ್ರೆ, ಆಚೆ ಬರೀ ಕತ್ತಲೆ. ಗೋಡೆಯಾಚೆ ತಮ್ಮವರು ಇರುವವರು ಆ ಕಡೆ ತಿರುಗಿಯೂ ನೋಡದೆ ಮನೆಗೆ ಹೋಗುವುದನ್ನು ರೂಢಿಮಾಡಿಕೊಂಡಿದ್ದರು.

ಬ್ರಿಜಿತಮ್ಮನ ಮೆಸ್ಸಿನ ಎದುರಿಗೇ ನನ್ನ ಪಾತ್ರೆ ಅಂಗಡಿ. ಹಾಗಾಗಿ ಮುಂದೆ ಆದದ್ದನ್ನೆಲ್ಲ ನಾನು ಕಣ್ಣಾರೆ ಕಂಡವನು, ಉಳಿದದ್ದನ್ನು ಅವಳ ಬಾಯಲ್ಲೇ ಕೇಳಿದವನು.

ಬ್ರಿಜಿತಮ್ಮ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಮೆಸ್ಸು ಇಟ್ಟವಳು. ದಪ್ಪ ಮೈ, ಅದಕ್ಕಿಂತ ದಪ್ಪ ದನಿ. ಒಲೆಯ ಮುಂದೆ ಕೂತು ಅವಳು "ಮೂಲೇ ಎಲೆಗೆ ಸಾರು!" ಅಂದರೆ ಬಸ್‌ಸ್ಟ್ಯಾಂಡಿಗೆ ಕೇಳುತ್ತಿತ್ತು. ದೇವಾಲಯದ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ನುಡಿಸುತ್ತಿದ್ದ ಇನ್ನಾಸಪ್ಪ ಅವಳಲ್ಲಿ ಊಟಕ್ಕೆ ಬರುತ್ತಿದ್ದ. ಅವನ ಹೆಂಡತಿ ಮದುವೆಯಾದ ಎರಡನೇ ವರ್ಷವೇ ಬೇರೊಬ್ಬನ ಜೊತೆ ಹೊರಟುಹೋಗಿ ದೂರದ ಊರಿನಲ್ಲಿ ಮಕ್ಕಳು ಮರಿ ಎಂದು ಸುಖವಾಗಿದ್ದಳು. ಆದರೆ ಬದುಕಿದ್ದಳಲ್ಲ. ದೇವರ ಮುಂದೆ ಕಟ್ಟಿದ ಗಂಟು ಸಾವಿನ ತನಕ ಬಿಚ್ಚುವುದಿಲ್ಲ. ಹೀಗಾಗಿ ಇನ್ನಾಸಪ್ಪ ಒಂದು ದಿನ ಊಟ ಮುಗಿಸಿ ಎದ್ದು ಹೋಗದೆ ಅಲ್ಲೇ ಉಳಿದುಬಿಟ್ಟಾಗ ಇಬ್ಬರಿಗೂ ಮದುವೆ ಮಾಡಿಸುವವರು ಯಾರೂ ಇರಲಿಲ್ಲ. ಆ ವರ್ಷ ಇಬ್ಬರ ಹಣೆಯಲ್ಲೂ ಬೂದಿ ಉಳಿಯಿತು. ಅವನನ್ನು ಬ್ಯಾಂಡಿನಿಂದ ತೆಗೆದರು. ಅವನು ಮೆಸ್ಸಿನ ಜಗಲಿಯಲ್ಲಿ ಕೂತು ನುಡಿಸತೊಡಗಿದ. ಅವಳು ತರಕಾರಿ ಹೆಚ್ಚುತ್ತಾ ತಪ್ಪು ಹಿಡಿಯುತ್ತಿದ್ದಳು. ಬೂದಿಯ ಹಣೆಯವರ ಕೈ ಊಟ ಬೇಡ ಎಂದು ಕೆಲವರು ಬಿಟ್ಟರು. ಅವಳ ನಿಂಬೆಕಾಯಿ ಉಪ್ಪಿನಕಾಯಿ ಬಿಡಲಾಗದೆ ಬಹಳ ಮಂದಿ ಮರಳಿ ಬಂದರು. ಹತ್ತು ಹನ್ನೊಂದು ವರ್ಷ ಹೀಗೇ ಕಳೆಯಿತು.

ಇನ್ನಾಸಪ್ಪನಿಗೆ ಎದೆಯಲ್ಲಿ ನೀರು ತುಂಬಿ ಹಾಸಿಗೆ ಹಿಡಿದಾಗ ನಮ್ಮೂರ ಪಾದ್ರಿ ಫಾದರ್ ತೋಬಿಯಾಸ್ ಸಾಯುವವರಿಗೆ ಹಚ್ಚುವ ಎಣ್ಣೆಯ ಸೀಸೆ ಹಿಡಿದು ಓಡಿಬಂದರು. ಒಳ್ಳೆಯ ಮನುಷ್ಯ. ನರಕ ಇದೆ ಎಂದು ಮನಸಾರೆ ನಂಬಿದ್ದವರು, ಆದ್ದರಿಂದಲೇ ಒಬ್ಬರೂ ಅಲ್ಲಿಗೆ ಹೋಗಬಾರದೆಂದು ನಿದ್ದೆಗೆಡುವವರು.

"ಇನ್ನಾಸಪ್ಪಾ, ಒಂದೇ ಮಾತು. ಈಕೆ ಜೊತೆ ಬದುಕಿದ್ದು ತಪ್ಪಾಯ್ತು ಅನ್ನು. ಮಿಕ್ಕಿದ್ದು ನನಗಿರಲಿ," ಎಂದು ಅವನ ಕೈ ಹಿಡಿದುಕೊಂಡರು.

ಇನ್ನಾಸಪ್ಪ ಬ್ರಿಜಿತಮ್ಮನನ್ನು ನೋಡಿದ. ಅವಳು, "ಅಂದ್ಬಿಡಿ. ನಾನೇನೂ ಅಂದ್ಕೊಳಲ್ಲ," ಎಂದಳು. ನಿಜವಾಗಿಯೂ ಅವನು ಅನ್ನಲಿ ಎಂದೇ ಅವಳಿಗೆ ಆಸೆಯಿತ್ತು. ಅವನು ಉಸಿರು ಕೂಡಿಸಿಕೊಂಡು, "ಸುಳ್ಳು ಹೇಳಿ ಸ್ವರ್ಗಕ್ಕೆ ಹೋದ್ರೆ ಅಲ್ಲಿ ಇಟ್ಕೊಳ್ತಾರಾ ಫಾದರ್?" ಎಂದು ಕೇಳಿ ಗೋಡೆಗೆ ಮುಖ ತಿರುಗಿಸಿದ. ಮತ್ತೆ ಈಚೆ ತಿರುಗಲಿಲ್ಲ.

ಗೋಡೆಯಾಚೆ ಕಳ್ಳಿಯ ಸಾಲಿನಲ್ಲಿ ಅವನಿಗೆ ಗುಂಡಿ ತೋಡಿದೆವು. ಎಲ್ಲ ಮುಗಿದ ಮೇಲೆ ಫಾದರ್ ಮೆಸ್ಸಿಗೆ ಬಂದು ಬೆಂಚಿನ ಮೇಲೆ ಕೂತು, "ಬ್ರಿಜಿತಮ್ಮ, ನಿನಗಿನ್ನು ಸುಲಭ. ಪಾಪ ತಾನಾಗೇ ಮುಗಿದಿದೆ. ಬಿಡಬೇಕಾದ್ದು ಏನೂ ಇಲ್ಲ. ನೊಂದುಕೊಂಡೆ ಅಂದರೆ ಸಾಕು," ಎಂದರು. ಅವಳಿಗೂ ಹೌದೆನ್ನಿಸಿತು. ಆ ಶನಿವಾರ ಬಿಳಿ ಸೀರೆ ಉಟ್ಟು ಜಾಲರಿಯ ಮುಂದೆ ಮಂಡಿಯೂರಿದಳು. ಹಾಲಿಗೆ ನೀರು ಬೆರೆಸಿದ್ದು ಹೇಳಿದಳು. ಪಕ್ಕದ ಮನೆಯವಳಿಗೆ ಶಾಪ ಹಾಕಿದ್ದು, ಶುಕ್ರವಾರ ಮಾಂಸದ ಸಾರಿನ ರುಚಿ ನೋಡಿದ್ದು ಹೇಳಿದಳು. 

"ಇನ್ನೊಂದು ಇದೆಯಲ್ಲಮ್ಮ," ಎಂದರು ಒಳಗಿನಿಂದ.

"ಇದೆ."

"ಹೇಳು."

ಅವಳು ಬಾಯಿ ತೆರೆದಳು. ಮಳೆಗಾಲದ ಸಂಜೆ ಜಗಲಿಯಲ್ಲಿ ಕೂತು ಅವನು ಒಂದೇ ಸಾಲನ್ನು ಮತ್ತೆ ಮತ್ತೆ ನುಡಿಸುತ್ತಿದ್ದದ್ದು, ತನಗೆ ಜ್ವರ ಬಂದಾಗ ಅನ್ನವನ್ನು ಮುದ್ದೆ ಮಾಡಿಟ್ಟು ಅರವತ್ತು ಜನಕ್ಕೆ ಬಡಿಸಿ ಬೈಸಿಕೊಂಡದ್ದು ನೆನಪಾಯಿತು. ನೊಂದುಕೊಳ್ಳಲು ಅವುಗಳಲ್ಲಿ ಒಂದನ್ನಾದರೂ ಹುಡುಕಿದಳು. ಸಿಗಲಿಲ್ಲ.

"ಆಗಲ್ಲ ಫಾದರ್. ಆ ವರ್ಷಗಳು ಇಲ್ಲದಿದ್ರೆ ನಾನು ಬರೀ ಅಡಿಗೆ ಮಾಡಿ ಸತ್ತವಳು ಅನ್ನಿಸ್ಕೊತಿದ್ದೆ," ಎಂದು ಎದ್ದಳು.

ಫಾದರ್ ಪಾಪನಿವೇದನೆಯ ಗೂಡಿನಿಂದಲೇ ಹೊರಗೆ ಬಂದುಬಿಟ್ಟರು. "ದೇವರು ಯಾರನ್ನೂ ನರಕಕ್ಕೆ ತಳ್ಳೋದಿಲ್ಲಮ್ಮ. ಮನುಷ್ಯರೇ ಆರಿಸ್ಕೊಳ್ತಾರೆ."

"ಹಂಗಾದ್ರೆ ಆರಿಸ್ಕೊಂಡೆ ಬಿಡಿ. ಅವರೊಬ್ಬರೇ ಅಲ್ಲಿದ್ದಾರೆ," ಎಂದಳು ಬ್ರಿಜಿತಮ್ಮ.

ಹಿಂದೆ ಸಾಲಿನಲ್ಲಿ ನಿಂತಿದ್ದವರಿಂದ ಈ ಮಾತು ಸಂಜೆಯೊಳಗೆ ಊರೆಲ್ಲ ಸುತ್ತಿತು. ಜನ ಮೆಸ್ಸಿನ ಮುಂದೆ ಹಾಯುವಾಗ ಹೆಜ್ಜೆ ಬಿರುಸು ಮಾಡತೊಡಗಿದರು. ಬೂದಿ ಹೊತ್ತವರನ್ನು ಕಂಡಿದ್ದೆವು. ಹೋಗೇ ಹೋಗುತ್ತೇನೆ ಎಂದು ಹೊರಟು ನಿಂತವರನ್ನು ಕಂಡಿರಲಿಲ್ಲ. ಊಟದ ಎಲೆಗಳು ಅರ್ಧಕ್ಕೆ ಇಳಿದವು. ಅವಳು ಒಲೆ ಆರಿಸಲಿಲ್ಲ, ಉಳಿದ ಅನ್ನವನ್ನು ಬಸ್‌ಸ್ಟ್ಯಾಂಡಿನವರಿಗೆ ಕರೆದು ಬಡಿಸಿದಳು.

ಒಂದು ಮಧ್ಯಾಹ್ನ ಕತ್ರಿನಮ್ಮ ಬಂದಳು. ಹೂವು ಕಟ್ಟಿ ಮಾರುವವಳು; ಎಡಗೈ ಮೊಣಕೈಯಲ್ಲಿ ಸೊಟ್ಟಗೆ ಕೂಡಿಕೊಂಡಿತ್ತು. ಮುರಿದವನು ಅವಳ ಗಂಡ ಸಂದ್ಯಾವಪ್ಪ. ಕುಡಿದು ಬಾವಿಗೆ ಬಿದ್ದು ಬೂದಿ ಹೊತ್ತೇ ಸತ್ತವನು. ಅವನು ಗೋಡೆಯಾಚೆ ಹೋದಾಗ ನ್ಯಾಯವಾಯಿತು ಎಂದು ಊರೇ ಹೇಳಿತ್ತು. ಅವಳು ಊಟ ಮಾಡಲಿಲ್ಲ. ಎಲೆಯನ್ನು ಪಕ್ಕಕ್ಕೆ ಸರಿಸಿ, "ಅಕ್ಕಾ, ನೀನು ಹೆಂಗಿದ್ರೂ ಹೋಗ್ತೀಯಲ್ಲ. ಅವನಿಗೊಂದು ಮಾತು ಹೇಳ್ತೀಯಾ?" ಎಂದಳು.

ಬ್ರಿಜಿತಮ್ಮ ಸೌಟು ಕೆಳಗಿಟ್ಟಳು.

"ನಾನು ಕ್ಷಮಿಸಿಲ್ಲ ಅಂತ ಹೇಳು. ಯಾವತ್ತೂ ಕ್ಷಮಿಸಲ್ಲ. ಆದ್ರೆ ಸಾಕು ಅಂದ್ಳು ಅಂತ ಹೇಳು. ಕೈ ಮುರಿದಿದ್ದು ನಂದು. ಶಿಕ್ಷೆ ಎಷ್ಟು ಅಂತ ಹೇಳಬೇಕಾದವಳು ನಾನು ತಾನೆ? ನನ್ನನ್ನ ಒಂದು ಮಾತೂ ಕೇಳದೆ ನನ್ನ ಹೆಸರಲ್ಲಿ ಕೊನೆಯಿಲ್ಲದಂಗೆ ಸುಡ್ತಾರಂತೆ. ನಾನು ಅಷ್ಟು ಕೇಳಿರಲಿಲ್ಲ."

"ಹೇಳ್ತೀನಿ," ಎಂದಳು ಬ್ರಿಜಿತಮ್ಮ. "ಈಗ ಉಣ್ಣು."

ಅಲ್ಲಿಂದ ಶುರುವಾಯಿತು. ಮೊದಲು ಹೆಂಗಸರು ಹಿತ್ತಲ ಬಾಗಿಲಿಂದ ಬಂದರು, ಆಮೇಲೆ ಗಂಡಸರು ಮುಂಬಾಗಿಲಿಂದಲೇ. ಊರಿನಲ್ಲಿ ಗೋಡೆಯಾಚೆ ಯಾರೂ ಇಲ್ಲದ ಮನೆಯೇ ಇರಲಿಲ್ಲ ಎಂದು ನಮಗೆ ಗೊತ್ತಾದದ್ದು ಆಗಲೇ. ಅಜ್ಜ ಮುತ್ತಜ್ಜಂದಿರ ಹೆಸರುಗಳು ಹೊರಬಂದವು. ಒಬ್ಬಳು ತಾಯಿ, ಮಗನಿಗೆ ಅವನ ಮಗಳು ಹುಟ್ಟಿದ ಸುದ್ದಿ ಹೇಳಿಕಳಿಸಿದಳು. ಅಣ್ಣನಿಗೆ ಬರೀ ಬೈಗುಳ ಹೇಳಿಕಳಿಸಿದವನೊಬ್ಬ ಬೈದು ಮುಗಿಸಿ ಅಲ್ಲೇ ಅತ್ತ. ಮುದುಕ ಚಿನ್ನಸ್ವಾಮಿ, ತೀರಿಹೋದ ಅಪ್ಪ ಹಿತ್ತಲ ಬಾವಿಯ ರಾಟೆ ಎಲ್ಲಿಟ್ಟಿದ್ದಾನೋ ಕೇಳಿ ಉತ್ತರ ಕಳಿಸು ಎಂದಾಗ ಬ್ರಿಜಿತಮ್ಮ, "ಹೋದೋಳು ವಾಪಸ್ ಬರೋಕೆ ಅದೇನು ಸಂತೆನಾ? ಉತ್ತರ ಬೇಕಾದ್ರೆ ನೀನೇ ಹೋಗಿ ಕೇಳ್ಕೋ," ಎಂದು ರೇಗಿದಳು. ಮೆಸ್ಸೆಲ್ಲ ನಕ್ಕಿತು. ನರಕದ ಹೆಸರೆತ್ತಿ ನಮ್ಮೂರಿನಲ್ಲಿ ಯಾರಾದರೂ ನಕ್ಕದ್ದು ಅದೇ ಮೊದಲು. ನಾನೂ ಒಂದು ಮಾತು ಹೇಳಿಕಳಿಸಿದೆ. ಏನೆಂದು ಹೇಳುವುದಿಲ್ಲ, ಅದು ನನಗೂ ನನ್ನ ಅವ್ವನಿಗೂ ಸೇರಿದ್ದು.

ಅವಳು ಯಾವುದನ್ನೂ ಬರೆದುಕೊಳ್ಳಲಿಲ್ಲ. ರಾಗಿ ಬೀಸುವಾಗ ಹೆಸರು ಹಿಡಿದು ಒಂದೊಂದೇ ಮಾತನ್ನು ಗುನುಗುತ್ತಿದ್ದಳು.

ಫಾದರ್ ತೋಬಿಯಾಸ್ ವಿಷಯ ತಿಳಿದು ಬಂದಾಗ ಕೋಪಕ್ಕಿಂತ ಗಾಬರಿಯೇ ಹೆಚ್ಚಿತ್ತು. "ಯಾಕಮ್ಮ ಇವರಿಗೆಲ್ಲ ಆಸೆ ಹುಟ್ಟಿಸ್ತೀಯ? ಅಲ್ಲಿ ಯಾರ ಮಾತೂ ಯಾರಿಗೂ ಕೇಳಿಸಲ್ಲ. ನರಕ ಅಂದರೆ ಅದೇ. ಪಕ್ಕದಲ್ಲಿದ್ದರೂ ಇನ್ನಾಸಪ್ಪ ನಿನಗೆ ಸಿಗೋದಿಲ್ಲ."

"ನೀವು ನೋಡ್ಕೊಂಡು ಬಂದಿದೀರಾ?"

"ಧರ್ಮಸಭೆ ಹೇಳುತ್ತೆ."

"ಕೇಳಿಸದಿದ್ರೆ ಜೋರಾಗಿ ಹೇಳ್ತೀನಿ," ಎಂದಳು ಬ್ರಿಜಿತಮ್ಮ. ಅವರ ಮುಖ ನೋಡಿ ಮನಸ್ಸು ಕರಗಿ, "ನಿಮ್ಮ ತಪ್ಪಿಲ್ಲ ಫಾದರ್. ನೀವು ಹೇಳೋದು ಹೇಳಿದ್ರಿ," ಎಂದು ಎಲೆ ಹಾಕಿದಳು. ಅವರು ಉಣ್ಣದೆ ಎದ್ದುಹೋದರು.

ಸುದ್ದಿ ಪಾದ್ರಿಗಳಿಗೆಲ್ಲ ಮೇಲಿನವರಾದ ಬಿಷಪ್ಪರಿಗೆ, ನಮ್ಮ ಮೇತ್ರಾಣಿಗಳಿಗೆ ಮುಟ್ಟಿತು. ಕಟ್ಟುವ ಬಿಚ್ಚುವ ಅಧಿಕಾರ ಅವರದು. ಅವರು ಪಾಪ ಎಂದರೆ ಪಾಪ. ನರಕಕ್ಕೆ ಮಾತು ಹೇಳಿಕಳಿಸುವುದು ದೇವರ ತೀರ್ಪಿನ ವಿರುದ್ಧ ಎದ್ದು ನಿಂತಂತೆ, ಅದು ಮಹಾಪಾಪ ಎಂದು ಅವರ ಅಪ್ಪಣೆಯಾಯಿತು. ಫಾದರ್ ಅದನ್ನು ಭಾನುವಾರದ ಪೂಜೆಯಲ್ಲಿ ತಲೆ ಎತ್ತದೆ ಸಾರಿದರು. ಅದಾಗಿ ಸ್ವಲ್ಪ ದಿನಕ್ಕೆ ಬೂದಿ ಬುಧವಾರ ಬಂತು. ಸಂಜೆ ನಾನು ಅಂಗಡಿಯ ಮುಂದಿನ ನಲ್ಲಿಯಲ್ಲಿ ಮುಖ ತೊಳೆದೆ. ಹೋಗಲಿಲ್ಲ. ತಲೆ ಎತ್ತಿದರೆ ಪಕ್ಕದ ಅಂಗಡಿಯವನ ಹಣೆಯಲ್ಲೂ ಇತ್ತು. ಬೀದಿಯುದ್ದಕ್ಕೂ ಜನ ಒದ್ದೆ ಮುಖ ಹೊತ್ತು ಹೊರಗೆ ಬಂದು ಒಬ್ಬರನ್ನೊಬ್ಬರು ನೋಡಿದರು. ಆ ವರ್ಷ ಟವೆಲ್ ಸುತ್ತಿಕೊಂಡವರು ಒಬ್ಬರೂ ಕಾಣಲಿಲ್ಲ.

ಮುಂದಿನ ಭಾನುವಾರ ದೇವಾಲಯ ತುಂಬಿತ್ತು. ಉಪದೇಶ ಹೇಳುವ ಹೊತ್ತಿಗೆ ಫಾದರ್ ಮೆಟ್ಟಿಲಿಳಿದು ಬಂದು ಬ್ರಿಜಿತಮ್ಮನ ಸಾಲಿನ ಮುಂದೆ ನಿಂತರು.

"ಬ್ರಿಜಿತಮ್ಮ, ನೋಡು ಹಿಂದೆ ತಿರುಗಿ. ಈ ಬೂದಿಯೆಲ್ಲ ನಿನ್ನಿಂದ. ಮೇತ್ರಾಣಿಗಳು ಒಂದು ದಾರಿ ಕೊಟ್ಟಿದ್ದಾರೆ. ಇವರ ಮಾತನ್ನೆಲ್ಲ ಹೊರಲ್ಲ, ವಾಪಸ್ ಕೊಟ್ಟೆ ಅಂತ ಇಲ್ಲಿ ಒಂದು ಸಲ ಹೇಳಿಬಿಡು. ಅಷ್ಟೂ ಜನರ ಹಣೆ ಈ ಕ್ಷಣವೇ ಶುದ್ಧವಾಗುತ್ತೆ. ನಿನಗೆ ನಿನ್ನ ಆತ್ಮ ಬೇಡದಿದ್ದರೆ ಬೇಡ. ಇವರದ್ದು?"

ಬ್ರಿಜಿತಮ್ಮ ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಬೆಂಚು ಹಿಡಿದು ಎದ್ದು ಹಿಂದೆ ತಿರುಗಿದಳು. ಮಡಿಲಲ್ಲಿ ಮಕ್ಕಳನ್ನಿಟ್ಟುಕೊಂಡವರು, ಮುದುಕರು, ನಿನ್ನೆ ಮೊನ್ನೆ ಮದುವೆಯಾದವರು, ಎಲ್ಲರ ಹಣೆಯಲ್ಲೂ ಒಂದೇ ಗುರುತು. ತನ್ನೊಬ್ಬಳ ಹಟಕ್ಕೆ ಇಷ್ಟು ಜನ ಸುಡಬೇಕೆ ಎನ್ನಿಸಿತು. ಆ ದೊಡ್ಡ ದನಿ ಎಲ್ಲೋ ಅಡಗಿಹೋಯಿತು.

"ನೀವೇ ಹೇಳ್ರಪ್ಪ. ವಾಪಸ್ ಕೊಡ್ಲಾ?" ಎಂದಳು.

 ಬಾಗಿಲ ಹತ್ತಿರ ಕತ್ರಿನಮ್ಮ ಎದ್ದು ನಿಂತಳು. "ನಂದು ನನಗೆ ಬೇಡ. ಇಷ್ಟು ವರ್ಷ ಇಟ್ಕೊಂಡಿದ್ದೆ. ಹೇಳ್ಬಿಟ್ಟ ಮೇಲೇನೇ ನಿದ್ದೆ ಬಂದಿದ್ದು."

ಮೊಮ್ಮಗಳನ್ನು ಎತ್ತಿಕೊಂಡಿದ್ದ ತಾಯಿ ಎದ್ದಳು. "ಮಗಂಗೆ ಮಗು ಹುಟ್ಟಿದ ಸುದ್ದಿ ಹೇಳಿದ್ದು ಪಾಪ ಅಂತ ನನ್ನ ಬಾಯಲ್ಲಿ ಬರಲ್ಲ ಫಾದರ್." ಅಣ್ಣನಿಗೆ ಬೈಗುಳ ಕಳಿಸಿದವನು ಎದ್ದ. ನಾನೂ ಎದ್ದೆ. ಮುದುಕ ಚಿನ್ನಸ್ವಾಮಿ ಕೋಲೂರಿ ಎದ್ದ. ಬೆಂಚುಗಳು ಕಿರುಗುಟ್ಟಿದವು, ಅಷ್ಟೇ. ಯಾರೂ ಕೂಗಲಿಲ್ಲ. ಎದ್ದು ನಿಂತಿದ್ದೆವು.

ಬ್ರಿಜಿತಮ್ಮ ಫಾದರ್ ಕಡೆ ತಿರುಗಿದಾಗ ಅವಳ ದನಿ ಮರಳಿ ಬಂದಿತ್ತು. "ಕೇಳಿದ್ರಲ್ಲ. ಇದು ನನ್ನ ಗಂಟು ಅಲ್ಲ, ವಾಪಸ್ ಕೊಡೋಕೆ. ಕಟ್ಟೋರು ಕಟ್ಟಲಿ, ಸುಡೋರು ಸುಡಲಿ. ನಮ್ಮವರು ನಮ್ಮವರಲ್ಲ ಅಂತ ಮಾತ್ರ ನಮ್ಮ ಬಾಯಲ್ಲಿ ಹೇಳಿಸೋಕಾಗಲ್ಲ."

ಆ ಈಸ್ಟರ್‌ಗೆ ಹೊಸ ಬಟ್ಟೆ ಉಟ್ಟು, ಬೂದಿ ಹೊತ್ತೇ ಪೂಜೆಗೆ ಹೋದೆವು. ಬೂದಿ ಉಳಿದವರಿಗೆ ಫಾದರ್ ಪ್ರಸಾದ ಕೊಡುವಂತಿರಲಿಲ್ಲ, ಕೊಡಲಿಲ್ಲ. ನಾವೂ ಕೇಳದೆ, ಪೂಜೆ ಮುಗಿಯುವ ತನಕ ನಿಂತಿದ್ದು ಬಂದೆವು. ಆಮೇಲಾಮೇಲೆ ಹೆಣ್ಣು ನೋಡಲು ಬರುವವರು ಹಣೆ ನೋಡುವುದನ್ನು ಬಿಟ್ಟು ಮನೆತನ ಕೇಳತೊಡಗಿದರು.

ಮೂರ್ನಾಲ್ಕು ಮಳೆಗಾಲ ಕಳೆದ ಮೇಲೆ ಬ್ರಿಜಿತಮ್ಮನಿಗೆ ಕಾಯಿಲೆಯಾಯಿತು. ಮೊದಲು ಒಂದು ಕೈ ಸ್ವಾಧೀನ ತಪ್ಪಿತು, ಆಮೇಲೆ ನಾಲಿಗೆ ತೊದಲಿತು. ಮಾತು ಪೂರ್ತಿ ನಿಲ್ಲುವ ಮುಂಚೆ ಕತ್ರಿನಮ್ಮನನ್ನು ಹತ್ತಿರ ಕರೆದು, "ನನ್ನ ಬಾಯಿ ನಿಂತ ಮೇಲೆ ಯಾರಾದ್ರೂ ನನ್ನ ಪರವಾಗಿ ತಪ್ಪಾಯ್ತು ಅಂದಾರು. ಬಿಡಬೇಡ," ಎಂದಳು.

ಅವಳು ಹೆದರಿದ್ದು ಸುಮ್ಮನೆ ಅಲ್ಲ. ಎಚ್ಚರ ತಪ್ಪಿದವರಿಗೆ ಅವರು ಕೇಳದಿದ್ದರೂ ಪಾದ್ರಿಗಳು ಕ್ಷಮೆಯ ಮಾತು ಹೇಳಬಹುದು; ಒಳಗೊಳಗೆ ನೊಂದುಕೊಂಡಿರಬಹುದೆಂದು ಭಾವಿಸಿ ಧರ್ಮಸಭೆ ಅಷ್ಟು ಅವಕಾಶ ಕೊಟ್ಟಿದೆ. ಅವಳು ಎಚ್ಚರ ತಪ್ಪಿದ ದಿನವೇ ಮೇತ್ರಾಣಿಗಳ ಅಪ್ಪಣೆ ಬಂತು: ಆ ಹೆಂಗಸನ್ನು ಹೇಗಾದರೂ ಉಳಿಸಿ. ಅವಳು ಸ್ವರ್ಗಕ್ಕೆ ಹೋದಳೆಂದರೆ ಊರಿನ ಹಟವೂ ಮುರಿಯುತ್ತದೆ, ಮಾತುಗಳೂ ದಾರಿಯಲ್ಲೇ ಉಳಿಯುತ್ತವೆ.

ಮರುದಿನ ಬೆಳಗಿನ ಪೂಜೆ ಮುಗಿಸಿ ಫಾದರ್ ತೋಬಿಯಾಸ್ ಎಣ್ಣೆಯ ಸೀಸೆ ಹಿಡಿದು ಬಂದರು. ಬಾಗಿಲಲ್ಲಿ ಹೆಂಗಸರು ಕೂತಿದ್ದರು. ಕತ್ರಿನಮ್ಮ ಸೊಟ್ಟ ಕೈಯನ್ನು ಚೌಕಟ್ಟಿಗೆ ಅಡ್ಡ ಹಿಡಿದಳು.

"ಒಳಗೆ ಬಿಡಲ್ಲ ಫಾದರ್."

"ಕತ್ರಿನಮ್ಮ, ನಾನು ಅವಳಿಗೆ ಕೇಡು ಮಾಡೋಕೆ ಬಂದಿಲ್ಲ."

"ಗೊತ್ತು. ಎಚ್ಚರ ಇದ್ದಾಗ ಕೇಳಿದ್ರಿ, ಬೇಡ ಅಂದ್ಳು. ನಿದ್ದೇಲಿರೋಳ ಕೈಗೆ ಬಳೆ ತೊಡಿಸಬಾರದು."

ಅವರು ಜಗಳ ಮಾಡಲಿಲ್ಲ. ಜಗಲಿಯ ಬೆಂಚಿನ ಮೇಲೆ ಕೂತರು. ತೆರೆದ ಕಿಟಕಿಯಿಂದ ಹಾಸಿಗೆ ಕಾಣುತ್ತಿತ್ತು. ಬಿಸಿಲು ಏರಿತು, ಇಳಿಯಿತು. ಯಾರೋ ಮಜ್ಜಿಗೆ ಕೊಟ್ಟರು, ಕುಡಿದರು. ಒಂದೆರಡು ಸಲ ಅವರ ಬಲಗೈ ಮಡಿಲಿಂದ ಮೇಲೆದ್ದು ಮತ್ತೆ ಕೆಳಗಿಳಿದದ್ದನ್ನು ನಾನು ಅಂಗಡಿಯಿಂದ ನೋಡಿದೆ, ನೊಣ ಓಡಿಸುತ್ತಿದ್ದಾರೆ ಅಂದುಕೊಂಡೆ. ದೀಪ ಹಚ್ಚುವ ಹೊತ್ತಿಗೆ ಒಳಗೆ ಹೆಂಗಸರ ದನಿ ಎದ್ದಿತು. ಬ್ರಿಜಿತಮ್ಮ ಹೋಗಿಬಿಟ್ಟಿದ್ದಳು.

"ಗೆದ್ದಳು," ಎಂದು ಯಾರೋ ಅಂದರು. ಆಗ ಜ್ಞಾನೋಪದೇಶ ಕಲಿಸುವ ಮುದುಕ ಸುಮ್ಮನಿರದೆ, "ಗೆದ್ದಳೋ ಇಲ್ಲವೋ ಹೆಂಗೆ ಹೇಳ್ತೀರಿ? ಕ್ಷಮೆ ಕೊಡೋಕೆ ಒಳಗೇ ಬರಬೇಕು ಅಂತೇನಿಲ್ಲ. ಕಣ್ಣಿಗೆ ಕಾಣೋವಷ್ಟು ದೂರದಲ್ಲಿ ಕೂತು ಕೈ ಎತ್ತಿ ಮನಸ್ಸಿಟ್ಟು ಹೇಳಿದರೂ ಮುಟ್ಟುತ್ತೆ," ಎಂದ.

 ಎಲ್ಲರೂ ಕಿಟಕಿ ನೋಡಿದರು, ಕಿಟಕಿಯಾಚೆ ಬೆಂಚಿನ ಮೇಲೆ ಕೂತಿದ್ದ ಫಾದರ್ ಅವರನ್ನು ನೋಡಿದರು. ದಿನವಿಡೀ ಬಾಗಿಲು ಕಾಯ್ದಿದ್ದೆವು, ಕಿಟಕಿ ತೆರೆದೇ ಇತ್ತು. ಕತ್ರಿನಮ್ಮ ತಂಬಿಗೆಯಲ್ಲಿ ನೀರು ತಂದಳು. ಸೆರಗಿನ ತುದಿ ನೆನೆಸಿ ಬ್ರಿಜಿತಮ್ಮನ ಹಣೆಯ ಮೇಲಿಟ್ಟು, ಕಣ್ಣು ಮುಚ್ಚಿಕೊಂಡು ಒರೆಸಿದಳು. ಮತ್ತೊಮ್ಮೆ ಒತ್ತಿ ಒರೆಸಿದಳು. ಸೆರಗು ತೆಗೆದಳು.

ಬೂದಿ ಇತ್ತು. ಒಂದು ಎಳೆಯೂ ಅಳಿಸಿರಲಿಲ್ಲ. ಎತ್ತಿದ ಕೈಯನ್ನು ಫಾದರ್ ಕ್ಷಮೆಯ ಮಾತು ಹೇಳದೆಯೇ ಇಳಿಸಿದ್ದರು.

ಅಲ್ಲಿಯ ತನಕ ಅಳದಿದ್ದ ಕತ್ರಿನಮ್ಮ ಆಗ ಗೋಡೆಗೊರಗಿ ಅತ್ತಳು. ಹೊರಗೆ ಫಾದರ್ ಎದ್ದರು. ಇಡೀ ದಿನ ಕೂತು ಹಿಡಿದುಕೊಂಡ ಮಂಡಿಯನ್ನು ನೀವಿಕೊಂಡು, ತೆರೆಯದ ಎಣ್ಣೆಯ ಸೀಸೆಯನ್ನು ಜೇಬಿಗೆ ಹಾಕಿಕೊಂಡರು.

"ಮೇತ್ರಾಣಿಗಳಿಗೆ ಏನು ಹೇಳ್ತೀರಿ?" ಎಂದು ನಾನು ಕೇಳಿದೆ.

"ಅವಳು ಬೇಡ ಅಂದಿದ್ದಳು ಅಂತ," ಎಂದರು. ಆಮೇಲೆ, "ಗುಂಡಿ ಎಲ್ಲಿ?" ಎಂದು ಕೇಳಿದರು.

"ಇನ್ನಾಸಪ್ಪನ ಪಕ್ಕ."

ಮರುದಿನ ಹೆಣ ಹೊತ್ತು ಹೊರಟಾಗ ಅವರೂ ನಮ್ಮ ಜೊತೆ ನಡೆದರು. ಗೋಡೆಯ ತನಕ ಬಂದು ನಿಲ್ಲುತ್ತಾರೆ ಅಂದುಕೊಂಡಿದ್ದೆವು, ಏಕೆಂದರೆ ಅದರಾಚೆ ಪಾದ್ರಿಗಳು ಯಾವತ್ತೂ ಕಾಲಿಟ್ಟವರಲ್ಲ. ಅವರು ನಿಲುವಂಗಿ ಎತ್ತಿಕಟ್ಟಿ ಕಳ್ಳಿಯ ಸಂದಿಯಲ್ಲಿ ಬಗ್ಗಿ ಬಂದರು. ಬೆನ್ನಿಗೆ ಮುಳ್ಳು ತರಚಿತು. ಗುಂಡಿಗೆ ಮೊದಲ ಹಿಡಿ ಮಣ್ಣು ಹಾಕಿದವರು ಅವರೇ. ಪ್ರಾರ್ಥನೆ ಮಾತ್ರ ಹೇಳಲಿಲ್ಲ. ಹೇಳಿದ್ದರೆ ಬ್ರಿಜಿತಮ್ಮ ಒಪ್ಪುತ್ತಲೂ ಇರಲಿಲ್ಲ.